ಮಲಬಾರ್ ಹಿಲ್‌ನಲ್ಲಿದ್ದ ಹೈದರಾಬಾದಿನ ವೈಮಾನಿಕ

1980ರ ನವೆಂಬರ್‌ನಿಂದ 1985ರ ಏಪ್ರಿಲ್‌ವರೆಗೆ, ನಡುವೆ ಬೇರೆ ಯಾರೂ ಬಾರದಂತೆ, ಮಹಾರಾಷ್ಟ್ರದ ರಾಜಭವನದಲ್ಲಿ ಇದ್ದವರು ಭಾರತೀಯ ವಾಯುಪಡೆಯ ಇಬ್ಬರು ನಿವೃತ್ತ ಮುಖ್ಯಸ್ಥರು. ಮೊದಲನೆಯವರು ಏರ್ ಚೀಫ್ ಮಾರ್ಷಲ್ ಓಂ ಪ್ರಕಾಶ್ ಮೆಹ್ರಾ. ವಾಯುಪಡೆಯ ಚುಕ್ಕಾಣಿ ಹಿಡಿಯುವ ಮುನ್ನ ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಅಧ್ಯಕ್ಷರಾಗಿದ್ದವರು. 1982ರ ಮಾರ್ಚ್‌ನಲ್ಲಿ ಅವರನ್ನು ರಾಜಸ್ಥಾನಕ್ಕೆ ಕಳಿಸಿ, ಅವರ ಜಾಗಕ್ಕೆ ಏರ್ ಚೀಫ್ ಮಾರ್ಷಲ್ ಇದ್ರಿಸ್ ಹಸನ್ ಲತೀಫ್ ಅವರನ್ನು ತರಲಾಯಿತು. ಮುಂಬಯಿಯಲ್ಲಿ ನಾಲ್ಕು ದಶಕ ಕಳೆದಿರುವ ನಮ್ಮಂಥವರಲ್ಲಿಯೂ ಈ ಸಂಗತಿ ನೆನಪಿರುವವರು ಕಡಿಮೆ. ಹೈದರಾಬಾದ್ ವಿಮೋಚನೆಯ ದಿನವಾದ ಸೆಪ್ಟೆಂಬರ್ 17ರಂದು ನಮ್ಮ ಕಡೆಯವರು, ಅಂದರೆ ಕಲಬುರಗಿ, ಬೀದರ್, ರಾಯಚೂರು ಮೂಲದ ಮುಂಬಯಿವಾಸಿಗಳು, ಮಾಟುಂಗದಲ್ಲಿ ಸೇರುವ ಪುಟ್ಟ ಸಭೆಯಲ್ಲಿ ಮಾತನಾಡಲು ಒಪ್ಪಿಕೊಂಡ ಕಾರಣಕ್ಕೆ ನಾನು ಲತೀಫ್ ಅವರ ಜೀವನವನ್ನು ಸ್ವಲ್ಪ ಒತ್ತಿ ಓದಬೇಕಾಯಿತು. ಅಂದು ಹೇಳಿದ್ದಕ್ಕಿಂತ ಹೇಳದೆ ಉಳಿದದ್ದೇ ಹೆಚ್ಚಾದ್ದರಿಂದ ಈ ಬರಹ.

ಲತೀಫ್ ಹುಟ್ಟಿದ್ದು 1923ರ ಜೂನ್ 9ರಂದು, ಹೈದರಾಬಾದಿನಲ್ಲಿ. ಎರಡನೆಯ ಮಹಾಯುದ್ಧದ ನಡುವೆ, ಹದಿನೆಂಟರ ವಯಸ್ಸಿನಲ್ಲಿ ವಾಯುಪಡೆ ಸೇರಿ, 1942ರಲ್ಲಿ ಅಧಿಕಾರಿಯಾದರು. ಮೊದಲು ಸಿಕ್ಕ ಕೆಲಸ ಕರಾಚಿಯಿಂದ ಅರಬ್ಬಿ ಸಮುದ್ರದ ಮೇಲೆ ಹಾರಿ ಶತ್ರು ಜಲಾಂತರ್ಗಾಮಿಗಳ ಸುಳಿವು ಹುಡುಕುವುದು. ಅದಕ್ಕೆ ಕೊಟ್ಟದ್ದು ವಾಪಿಟಿ, ಆಡಾಕ್ಸ್ ಮೊದಲಾದ, ಆ ಹೊತ್ತಿಗಾಗಲೇ ಹಳತಾಗಿದ್ದ ಜೋಡಿರೆಕ್ಕೆಯ ವಿಮಾನಗಳನ್ನು. ಬಳಿಕ ಬ್ರಿಟನ್ನಿಗೆ ಕಳಿಸಲಾದ ಕೆಲವೇ ಭಾರತೀಯ ವೈಮಾನಿಕರಲ್ಲಿ ಒಬ್ಬರಾಗಿ ಹರಿಕೇನ್ ಮತ್ತು ಸ್ಪಿಟ್‌ಫೈರ್ ಹಾರಿಸಲು ಕಲಿತು ಬಂದು, ಬರ್ಮಾ ರಣಾಂಗಣದಲ್ಲಿ ಹಾರಿದರು. ಇಷ್ಟು ಹೊತ್ತಿಗೆ ಅವರಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ ಎಂಬುದನ್ನು ಗಮನಿಸಬೇಕು. ಆ ತಲೆಮಾರಿನ ಬಹುಪಾಲು ವೈಮಾನಿಕರ ಕಥೆಯೂ ಹೀಗೆಯೇ ಇರುವುದರಿಂದ ಇದನ್ನು ಇಲ್ಲಿಗೆ ಬಿಟ್ಟು ಮುಂದೆ ಹೋಗುತ್ತೇನೆ.

ಲತೀಫ್ ಬಗ್ಗೆ ಬರೆದವರೆಲ್ಲರೂ ತಪ್ಪದೆ ನಿಲ್ಲುವ ಜಾಗ 1947. ದೇಶ ಇಬ್ಭಾಗವಾದಾಗ ಸೇನೆಯೂ ಇಬ್ಭಾಗವಾಯಿತು. ವಿಮಾನಗಳು, ಬಿಡಿಭಾಗಗಳು, ಸ್ಕ್ವಾಡ್ರನ್‌ಗಳು ಹಂಚಿಕೆಯಾದವು. ಮುಸ್ಲಿಂ ಅಧಿಕಾರಿಗಳು ಯಾವ ಕಡೆ ನಿಲ್ಲುತ್ತೇವೆಂದು ತಿಳಿಸಬೇಕಾಯಿತು. ಅವರ ಜೊತೆಯಲ್ಲಿ ಹಾರಿದ್ದ ಅಸ್ಗರ್ ಖಾನ್ ಮತ್ತು ನೂರ್ ಖಾನ್ ಇಬ್ಬರೂ ಪಾಕಿಸ್ತಾನದ ವಾಯುಪಡೆಗೆ ಬರುವಂತೆ ಒತ್ತಾಯಿಸಿದರು. ತಮ್ಮ ಮಟ್ಟಿಗೆ ಧರ್ಮಕ್ಕೂ ದೇಶಕ್ಕೂ ಗಂಟು ಹಾಕಬೇಕಾದ್ದಿಲ್ಲ ಎಂದು ಹೇಳಿ ಲತೀಫ್ ಇಲ್ಲಿಯೇ ಉಳಿದರು. ಪತ್ರಿಕೆಗಳ ಶ್ರದ್ಧಾಂಜಲಿ ಬರಹಗಳಲ್ಲಿ ಈ ಪ್ರಸಂಗ ಇಷ್ಟಕ್ಕೇ ಮುಗಿಯುತ್ತದೆ: ಭಾರತ, ಪಾಕಿಸ್ತಾನ, ನಡುವೆ ಒಂದು ನಿರ್ಧಾರ.

ನಿಜಾಮನ ಸೀಮೆಯಿಂದ ಬಂದ ನನಗೆ ಈ ಚಿತ್ರ ಅಪೂರ್ಣವೆನಿಸುತ್ತದೆ. ಲತೀಫ್ ಹುಟ್ಟಿದ ಊರು 1947ರ ಆಗಸ್ಟ್ 15ರಂದು ಭಾರತದಲ್ಲಿಯೂ ಇರಲಿಲ್ಲ, ಪಾಕಿಸ್ತಾನದಲ್ಲಿಯೂ ಇರಲಿಲ್ಲ. ತಾನು ಎರಡೂ ಕಡೆ ಸೇರುವುದಿಲ್ಲವೆಂದು ನಿಜಾಮ ಅದೇ ವರ್ಷದ ಜೂನ್‌ನಲ್ಲಿಯೇ ಫರ್ಮಾನು ಹೊರಡಿಸಿದ್ದ. ನವೆಂಬರ್ 29ರಂದು ಆದದ್ದು ವಿಲೀನವಲ್ಲ, ಒಂದು ವರ್ಷದ ಯಥಾಸ್ಥಿತಿ ಒಪ್ಪಂದ. ಆದ್ದರಿಂದ ಇಪ್ಪತ್ನಾಲ್ಕು ವರ್ಷದ ಆ ಅಧಿಕಾರಿಯ ಎದುರು ಇದ್ದ ದಾರಿಗಳು ಎರಡಲ್ಲ, ಮೂರು. ಅಸ್ಗರ್ ಖಾನ್ ಕರೆದ ದೇಶ ಒಂದು. ತಾನು ಸಮವಸ್ತ್ರ ತೊಟ್ಟಿದ್ದ ದೇಶ ಇನ್ನೊಂದು. ತನ್ನ ಮನೆ, ಬಂಧುಬಳಗ, ಬೆಳೆದ ಭಾಷೆ ಎಲ್ಲವೂ ಇದ್ದು, ತಾನೇ ಸ್ವತಂತ್ರ ದೇಶವೆಂದು ಹೇಳಿಕೊಳ್ಳುತ್ತಿದ್ದ ಸಂಸ್ಥಾನ ಮೂರನೆಯದು. ದೆಹಲಿಯ ವಾಯುಪಡೆಯಲ್ಲಿ ಉಳಿಯುವುದೆಂದರೆ, ನಾಳೆ ತನ್ನ ಊರಿನ ಮೇಲೆಯೇ ಆ ವಾಯುಪಡೆ ಹಾರಬಹುದಾದ ಸಾಧ್ಯತೆಯನ್ನು ಒಪ್ಪಿಕೊಂಡು ಉಳಿಯುವುದು ಎಂದೇ ಅರ್ಥವಾಗುತ್ತಿತ್ತು. ಆದದ್ದೂ ಹಾಗೆಯೇ. 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಭಾಗವಹಿಸಿದವು. ಐದನೆಯ ದಿನ ಹೈದರಾಬಾದ್ ಶರಣಾಯಿತು.

ಆ ವರ್ಷಗಳ ಬಗ್ಗೆ ನಮ್ಮ ಮುತ್ಯಾ ಹೇಳುತ್ತಿದ್ದ ಮಾತುಗಳಲ್ಲಿ ರಾಜಕೀಯ ಕಡಿಮೆ, ರಾತ್ರಿ ಊರು ಬಿಟ್ಟು ಸೊಲ್ಲಾಪುರದ ಗಡಿ ದಾಟಿದ ನೆನಪು ಹೆಚ್ಚು. ನಿಜಾಮನ ಪರ ನಿಂತಿದ್ದ ಖಾಸಗಿ ಸಶಸ್ತ್ರ ಪಡೆಯವರಾದ ರಜಾಕಾರರು ಎಂಬ ಒಂದೇ ಹೆಸರಿನಲ್ಲಿ ಅವರಿಗೆ ಇಡೀ ಕಾಲವೇ ಅಡಗಿತ್ತು. ಆದರೆ ವಿಮಾನದ ವಿಷಯವೊಂದು ಮಾತ್ರ ಅವರ ಮಾತಿನಲ್ಲಿ ಆಗಾಗ ಬರುತ್ತಿತ್ತು: ಬೀದರಿನಲ್ಲಿ ರಾತ್ರಿ ವಿಮಾನಗಳು ಇಳಿಯುತ್ತವೆ, ಬಂದೂಕು ತರುತ್ತವೆ ಎಂದು. ಬಾಲ್ಯದಲ್ಲಿ ಅದನ್ನು ಅಜ್ಜಂದಿರ ಕಥೆಯೆಂದು ತಿಳಿದಿದ್ದೆ. ಮುಂದೆ ಓದಿದಾಗ ಗೊತ್ತಾದದ್ದು, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ 1948ರಲ್ಲಿ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ನಿಜಾಮನಿಗೆ ಶಸ್ತ್ರಾಸ್ತ್ರ ಸಾಗಿಸಿದ್ದು ನಿಜ, ಬೀದರ್ ಮತ್ತು ವಾರಂಗಲ್‌ನ ನೆಲಗಳಲ್ಲಿ ಅವು ಇಳಿದದ್ದೂ ನಿಜ. ಅದೇ ಬೀದರ್ ಇಂದು ವಾಯುಪಡೆಯ ತರಬೇತಿ ಕೇಂದ್ರ. ಆಕಾಶದಲ್ಲಿ ವಿಮಾನಗಳ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ನೆಲೆ. ನಮ್ಮ ಕಡೆಯ ಹುಡುಗರು ವಿಮಾನವನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡುವುದು ಬಹುಮಟ್ಟಿಗೆ ಅಲ್ಲಿಯೇ.

ಈ ಮಾತನ್ನು ಸಭೆಯಲ್ಲಿ ಹೇಳಿದಾಗ, ಹಿಂದಿನ ಸಾಲಿನಲ್ಲಿದ್ದ ನನ್ನ ಉಡುಪಿಯ ಸ್ನೇಹಿತರು ಎದ್ದು, "ನಿಮ್ಮ ಕಡೆಯವರಿಗೆ ಎಲ್ಲಿಂದ ಹೊರಟರೂ ನಿಜಾಮನ ಮನೆ ಬಾಗಿಲಿಗೇ ಬಂದು ನಿಲ್ಲದಿದ್ದರೆ ಸಮಾಧಾನವಿಲ್ಲ ಮಾರಾಯ್ರೇ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವರು ಮುಂದುವರಿದು ಕೇಳಿದ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಒಬ್ಬ ಸೈನಿಕ ತನ್ನ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಮಾಡಿದ ಆಯ್ಕೆಯನ್ನೇ ಅವನ ತೊಂಬತ್ತನಾಲ್ಕನೆಯ ವಯಸ್ಸಿನವರೆಗೆ ಹಾಡುತ್ತಿದ್ದರೆ, ನಡುವೆ ಅವನು ಮಾಡಿದ ಕೆಲಸಕ್ಕೆ ಬೆಲೆಯೇನು, ಹಿಂದೂ ಅಧಿಕಾರಿಯೊಬ್ಬನನ್ನು ಹೀಗೆ ಯಾರಾದರೂ ನೆನೆಯುತ್ತಾರೆಯೇ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಲತೀಫ್ ವಾಯುಪಡೆಯ ಮುಖ್ಯಸ್ಥರಾದ ಮೊದಲ ಮುಸ್ಲಿಂ ಅಧಿಕಾರಿ ಎಂಬ ಒಂದೇ ವಾಕ್ಯದಲ್ಲಿ ಅವರನ್ನು ಮುಗಿಸುವುದು ಗೌರವದಂತೆ ಕಂಡರೂ ಅದು ಅವರ ಕೆಲಸಕ್ಕೆ ಮಾಡುವ ಅನ್ಯಾಯವೇ ಸರಿ. ಅಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ಪ್ರಯತ್ನಿಸುತ್ತೇನೆ.

1950ರಲ್ಲಿ ಗಣರಾಜ್ಯದ ಮೊದಲ ಸಂಭ್ರಮಾಚರಣೆಗೆ ದೆಹಲಿಯ ಆಕಾಶದಲ್ಲಿ ಹಾರಿದ ವಿಮಾನಗಳನ್ನು ಮುನ್ನಡೆಸಿದವರು ಅವರು. ಹೈದರಾಬಾದಿನ ಮೇಲೆ ಹೋಗಿದ್ದ ಟೆಂಪೆಸ್ಟ್ ಮಾದರಿಯ ವಿಮಾನಗಳೇ ಅವು. ಅರವತ್ತರ ದಶಕದ ಮೊದಲ ಭಾಗದಲ್ಲಿ ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿಯಲ್ಲಿ ವಾಯುಪಡೆಯ ಪ್ರತಿನಿಧಿಯಾಗಿದ್ದರು. 1962ರ ಚೀನಾ ಯುದ್ಧದ ನಂತರ ಭಾರತ ಆಯುಧಕ್ಕಾಗಿ ಎಲ್ಲ ಕಡೆ ಬಾಗಿಲು ತಟ್ಟುತ್ತಿದ್ದ ಕಾಲ ಅದು. ಯಾವ ದೇಶ ಏನನ್ನು ಕೊಡುತ್ತದೆ, ಏನನ್ನು ಕೊಡುತ್ತೇನೆಂದು ಹೇಳಿ ಕೊಡುವುದಿಲ್ಲ, ಕೊಟ್ಟದ್ದಕ್ಕೆ ಯಾವ ಷರತ್ತು ಹಾಕುತ್ತದೆ ಎಂಬುದನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು. 1971ರ ಯುದ್ಧದ ಹೊತ್ತಿಗೆ ಅವರು ವಾಯುಪಡೆಯ ಕೇಂದ್ರ ಕಚೇರಿಯಲ್ಲಿ ಯೋಜನಾ ವಿಭಾಗದ ಹೊಣೆ ಹೊತ್ತಿದ್ದರು. ಯೋಜನೆ ಎಂದರೆ ಮುಂದಿನ ಹತ್ತು, ಹದಿನೈದು ವರ್ಷಗಳಲ್ಲಿ ಯಾವ ವಿಮಾನ ಹಳತಾಗುತ್ತದೆ, ಅದರ ಜಾಗಕ್ಕೆ ಏನು ಬರಬೇಕು, ಎಲ್ಲಿಂದ, ಎಷ್ಟು ಎಂದು ಲೆಕ್ಕ ಹಾಕುವ, ಹೊರಗಿನವರ ಕಣ್ಣಿಗೆ ಬೀಳದ ಕಡತದ ಕೆಲಸ. ವೈಮಾನಿಕರ ಜೀವನಚರಿತ್ರೆಗಳಲ್ಲಿ ಈ ಅಧ್ಯಾಯವನ್ನು ಓದುಗರು ಬೇಗ ಮಗುಚುತ್ತಾರೆ. ನನಗಂತೂ, ಬ್ಯಾಂಕಿನಲ್ಲಿ ಕಡತದ ನಡುವೆಯೇ ಆಯುಷ್ಯ ಸವೆಸಿದ್ದರಿಂದಲೋ ಏನೋ, ಇದೇ ಹೆಚ್ಚು ಕುತೂಹಲದ ಭಾಗ.

ಏಕೆಂದರೆ 1978ರ ಸೆಪ್ಟೆಂಬರ್ 1ರಂದು ಅವರು ವಾಯುಪಡೆಯ ಮುಖ್ಯಸ್ಥರಾದಾಗ, ಮೇಜಿನ ಮೇಲೆ ಕಾದಿದ್ದದ್ದು ವರ್ಷಗಟ್ಟಲೆ ತೀರ್ಮಾನವಾಗದೆ ಉಳಿದಿದ್ದ ಒಂದು ಕಡತ. ಶತ್ರುವಿನ ನೆಲದೊಳಗೆ ದೂರ ನುಗ್ಗಿ ದಾಳಿ ಮಾಡಬಲ್ಲ ವಿಮಾನ ಬೇಕೆಂದು ವಾಯುಪಡೆ ಕೇಳತೊಡಗಿ ದಶಕವೇ ಕಳೆದಿತ್ತು. ಕ್ಯಾನ್‌ಬೆರಾ ಮತ್ತು ಹಂಟರ್‌ಗಳಿಗೆ ವಯಸ್ಸಾಗುತ್ತಿತ್ತು. ಕಣದಲ್ಲಿ ಮೂರು ವಿಮಾನಗಳಿದ್ದವು: ಫ್ರಾನ್ಸಿನ ಮಿರಾಜ್ ಎಫ್-1, ಸ್ವೀಡನ್ನಿನ ವಿಗೆನ್, ಬ್ರಿಟನ್ ಹಾಗೂ ಫ್ರಾನ್ಸ್ ಜಂಟಿಯಾಗಿ ರೂಪಿಸಿದ ಜಾಗ್ವಾರ್. ವಿಗೆನ್‌ನ ಎಂಜಿನ್ನಿಗೆ ಮೂಲ ಅಮೆರಿಕದ್ದಾಗಿತ್ತು. ಅಮೆರಿಕ ಒಪ್ಪಿಗೆ ಕೊಡಲಿಲ್ಲ. ಸ್ವೀಡನ್ ತನ್ನದೇ ವಿಮಾನವನ್ನು ತಾನು ಮಾರಲಾಗದೆ ಹಿಂದೆ ಸರಿಯಿತು. ಅಕ್ಟೋಬರ್ ತಿಂಗಳಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಜಾಗ್ವಾರ್‌ಗೆ ಒಪ್ಪಿತು. ಬೇಗ ಬೇಕಾಗಿದ್ದರಿಂದ ಬ್ರಿಟಿಷ್ ವಾಯುಪಡೆಯ ಹದಿನೆಂಟು ವಿಮಾನಗಳನ್ನು ಸಾಲವಾಗಿ ಪಡೆಯುವುದು, ನಲವತ್ತನ್ನು ಸಿದ್ಧ ರೂಪದಲ್ಲಿ ಕೊಳ್ಳುವುದು, ಉಳಿದವನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಿಸುವುದು ಎಂದು ನಿಶ್ಚಯವಾಯಿತು. ಮೊದಲ ಜಾಗ್ವಾರ್‌ಗಳು ಅಂಬಾಲಾದಲ್ಲಿ ಇಳಿದದ್ದು 1979ರ ಜುಲೈಯಲ್ಲಿ. ಕೊಳ್ಳಲು ಒಪ್ಪಿದ ಪ್ರಧಾನಿ ರಾಜೀನಾಮೆ ಕೊಟ್ಟದ್ದೂ ಅದೇ ತಿಂಗಳು.

ಲತೀಫ್ ಅವರ ಮೂರು ವರ್ಷಗಳ ಅಧಿಕಾರಾವಧಿಯಲ್ಲಿ ದೇಶ ಮೂವರು ಪ್ರಧಾನಿಗಳನ್ನು ಕಂಡಿತು: ಮೊರಾರ್ಜಿ ದೇಸಾಯಿ, ಚರಣ್ ಸಿಂಗ್, ಇಂದಿರಾ ಗಾಂಧಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಸೇನಾ ಮುಖ್ಯಸ್ಥನೊಬ್ಬ ಹಳೆಯ ಸರ್ಕಾರದ ಮನುಷ್ಯ ಎನಿಸಿಕೊಳ್ಳದೆ, ಹೊಸ ಸರ್ಕಾರದ ಮುಂದೆ ಬಾಗಿದಂತೆಯೂ ಕಾಣದೆ, ತನಗೆ ಬೇಕಾದ ವಿಮಾನದ ಅಗತ್ಯವನ್ನು ಅದೇ ಮಾತುಗಳಲ್ಲಿ ಮೂರು ಬಾರಿ ವಿವರಿಸಬೇಕಾಗುತ್ತದೆ. ಇದೂ ಒಂದು ಬಗೆಯ ರಾಜತಾಂತ್ರಿಕತೆ. ಬೇರೆ ದೇಶದ ಬದಲು ನಮ್ಮದೇ ಸಚಿವಾಲಯದೊಡನೆ ನಡೆಯುವಂಥದ್ದು ಅಷ್ಟೆ. ಇದೇ ಅವಧಿಯಲ್ಲಿ ಸೋವಿಯತ್ ಒಕ್ಕೂಟದಿಂದ ಮಿಗ್-23 ಬಂತು. ಕೊನೆಯಲ್ಲಿ, ಶಬ್ದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ವೇಗದಲ್ಲಿ, ಇಪ್ಪತ್ತು ಕಿಲೋಮೀಟರಿಗೂ ಮೇಲಿನ ಎತ್ತರದಿಂದ ಚಿತ್ರ ತೆಗೆಯಬಲ್ಲ ಮಿಗ್-25 ಬರೇಲಿಗೆ ಬಂತು. ಸೇವೆಯ ಕೊನೆಯ ದಿನಗಳಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಲತೀಫ್ ಅದರಲ್ಲಿ ಹಾರಿ ಬಂದರು. ವಾಪಿಟಿಯಿಂದ ಮಿಗ್-25ರವರೆಗೆ ಒಬ್ಬನೇ ಮನುಷ್ಯ ಒಂದೇ ಸೇವೆಯಲ್ಲಿ ಹಾರಿದ ಎಂಬುದು, ನಡುವಿನ ನಲವತ್ತು ವರ್ಷಗಳಲ್ಲಿ ವಿಮಾನ ತಂತ್ರಜ್ಞಾನ ಎಷ್ಟು ದೂರ ಬಂದಿತ್ತೆಂಬುದಕ್ಕೂ ಸಾಕ್ಷಿ.

1981ರ ಆಗಸ್ಟ್ 31ರಂದು ನಿವೃತ್ತಿ. 1982ರ ಮಾರ್ಚ್ 6ರಂದು ಮುಂಬಯಿಯಲ್ಲಿ ರಾಜ್ಯಪಾಲರಾಗಿ ಪ್ರಮಾಣ ವಚನ. ಆ ಮುಂಬಯಿ ಹೇಗಿತ್ತೆಂಬುದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಬ್ಯಾಂಕಿನ ಕೆಲಸಕ್ಕೆಂದು ಈ ಊರಿಗೆ ಬಂದು ಮಾಟುಂಗದ ಕೋಣೆಯೊಂದರಲ್ಲಿ ನಮ್ಮೂರ ಹುಡುಗರೊಡನೆ ಇದ್ದ ದಿನಗಳವು. ದತ್ತಾ ಸಾಮಂತರ ನಾಯಕತ್ವದ ಗಿರಣಿ ಮುಷ್ಕರ ಜನವರಿ 18ಕ್ಕೆ ಆರಂಭವಾಗಿತ್ತು. ಎರಡೂವರೆ ಲಕ್ಷ ಕಾರ್ಮಿಕರು ಹೊರಗಿದ್ದರು. ಪರೇಲ್, ಲಾಲ್‌ಬಾಗ್ ಕಡೆ ನಮ್ಮವರು ನಡೆಸುತ್ತಿದ್ದ ಖಾನಾವಳಿಗಳಲ್ಲಿ ಉದ್ರಿ ಪುಸ್ತಕ ದಪ್ಪವಾಗುತ್ತಿತ್ತು. ಅಂತುಳೆ ರಾಜೀನಾಮೆ ಕೊಟ್ಟು ಬಾಬಾಸಾಹೇಬ ಭೋಸಲೆ ಮುಖ್ಯಮಂತ್ರಿಯಾಗಿದ್ದರು. ಆಗಸ್ಟ್ 18ರಂದು ನಗರದ ಪೊಲೀಸರೇ ಬಂಡೆದ್ದರು. ಬೀದಿಗೆ ಸೇನೆ ಬಂತು. ಮರುವರ್ಷ ಫೆಬ್ರವರಿಯಲ್ಲಿ ಭೋಸಲೆ ಹೋಗಿ ವಸಂತದಾದಾ ಪಾಟೀಲರು ಬಂದರು. 1984ರ ಮೇ ತಿಂಗಳಲ್ಲಿ ಭಿವಂಡಿಯಲ್ಲಿ ಹೊತ್ತಿಕೊಂಡ ಕೋಮುಗಲಭೆ ಮುಂಬಯಿಗೂ ಹರಡಿತು, ಮತ್ತೆ ಸೇನೆ ಬಂತು.

ಈ ಎಲ್ಲದರ ನಡುವೆ ಮಲಬಾರ್ ಹಿಲ್‌ನ ತುದಿಯಲ್ಲಿ, ಮೂರು ಕಡೆ ಸಮುದ್ರವಿರುವ ಆ ವಿಶಾಲ ಆವರಣದಲ್ಲಿ ಇದ್ದವರು ನಿನ್ನೆಯವರೆಗೆ ಒಂದು ಇಡೀ ವಾಯುಪಡೆಗೆ ಆಜ್ಞೆ ಕೊಡುತ್ತಿದ್ದವರು. ಸಂವಿಧಾನದ 163ನೆಯ ವಿಧಿಯ ಪ್ರಕಾರ ಅವರು ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕು. ಪೊಲೀಸರು ಬಂಡೆದ್ದ ದಿನವೂ ಸೇನೆಯನ್ನು ಕರೆಸುವುದು ಚುನಾಯಿತ ಸರ್ಕಾರದ ಕೆಲಸ. ರಾಜ್ಯಪಾಲರಿಗೆ ವರದಿ ಬರುತ್ತದೆ, ಅವರು ರಾಷ್ಟ್ರಪತಿಗೆ ವರದಿ ಬರೆಯುತ್ತಾರೆ, ಮುಖ್ಯಮಂತ್ರಿಗೆ ಖಾಸಗಿಯಾಗಿ ಎರಡು ಮಾತು ಹೇಳಬಹುದು, ವಿಶ್ವವಿದ್ಯಾಲಯಗಳ ಕುಲಪತಿಯಾಗಿ ಅಧ್ಯಕ್ಷತೆ ವಹಿಸುತ್ತಾರೆ. ಆ ಮೂರು ವರ್ಷಗಳಲ್ಲಿ ನಗರದ ಜನ ಕಷ್ಟಕಾಲದಲ್ಲಿ ರಾಜ್ಯಪಾಲರ ಹೆಸರನ್ನು ಎತ್ತಿದ್ದನ್ನು ನಾನು ಕೇಳಲಿಲ್ಲ. ಅಂದು ಅದು ನಿಷ್ಕ್ರಿಯತೆಯಂತೆ ಕಂಡಿತ್ತು. ಇಂದು, ಬೇರೆ ಬೇರೆ ರಾಜ್ಯಗಳ ರಾಜ್ಯಪಾಲರು ದಿನಬೆಳಗಾದರೆ ಪತ್ರಿಕೆಯ ಮುಖಪುಟದಲ್ಲಿರುವುದನ್ನು ನೋಡಿದ ಮೇಲೆ, ಆ ಹೆಸರು ಕೇಳಿಸದಿದ್ದದ್ದೇ ಅವರ ಕೆಲಸ ನೆಟ್ಟಗಿತ್ತೆಂಬುದಕ್ಕೆ ಗುರುತು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ವಿಷಯವೂ ಇದೆ. ನಿಜಾಮನ ಹೈದರಾಬಾದ್ ಸಂಸ್ಥಾನ 1956ರಲ್ಲಿ ಮೂರು ಹೋಳಾದಾಗ, ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ನಮ್ಮ ಮೂರು ಜಿಲ್ಲೆಗಳು ಮೈಸೂರಿಗೆ, ಮರಾಠವಾಡದ ಐದು ಜಿಲ್ಲೆಗಳು ಮುಂಬಯಿಗೆ ಸೇರಿದವು. ಹಾಗಾಗಿ ಲತೀಫ್ ರಾಜ್ಯಪಾಲರಾದ ರಾಜ್ಯದೊಳಗೆ ಅವರು ಹುಟ್ಟಿದ ಸಂಸ್ಥಾನದ ಒಂದು ತುಂಡೂ ಇತ್ತು. ರಜಾಕಾರರ ನಾಯಕ ಖಾಸಿಂ ರಜ್ವಿಯ ಲಾತೂರು ಇರುವುದೂ ಅಲ್ಲಿಯೇ. ಮಹಾರಾಷ್ಟ್ರದ ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್ ಅವರ ಸಮಿತಿ ನೇಮಕಗೊಂಡದ್ದು 1983ರಲ್ಲಿ, ಅಂದರೆ ಲತೀಫ್ ಅವರ ಅವಧಿಯಲ್ಲಿ; ಮರಾಠವಾಡ ಎಷ್ಟು ಹಿಂದುಳಿದಿದೆ ಎಂಬ ಲೆಕ್ಕ ಅದರ ಮುಖ್ಯ ಭಾಗ. ನಮ್ಮ ಹಿಂದುಳಿದ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ದಶಕಗಳ ಕಾಲ ಕೂಗಿದ ನಮ್ಮ ಕಡೆಯವರಿಗೆ ಈ ಲೆಕ್ಕ ಹೊಸದಲ್ಲ. ನಿಜಾಮ ಬಿಟ್ಟುಹೋದ ಬಾಕಿ ಎರಡೂ ಕಡೆ ಒಂದೇ ಬಗೆಯದು.

ಅವರ ಮನೆತನದ ಸಂಬಂಧವೂ ಈ ಕಥೆಯಲ್ಲಿ ಹೆಣೆದುಕೊಂಡಿದೆ. ಅವರ ಪತ್ನಿ ಬಿಲ್ಕೀಸ್, ನವಾಬ್ ಅಲಿ ಯಾವರ್ ಜಂಗ್ ಅವರ ಮಗಳು. 1947ರಲ್ಲಿ ನಿಜಾಮನ ಪರವಾಗಿ ದೆಹಲಿಯೊಡನೆ ಮಾತುಕತೆ ನಡೆಸಿದ ನಿಯೋಗದಲ್ಲಿ ಅಲಿ ಯಾವರ್ ಜಂಗ್ ಇದ್ದರು. ಅಕ್ಟೋಬರ್‌ನಲ್ಲಿ ನಿಯೋಗ ದೆಹಲಿಗೆ ಹೊರಡದಂತೆ ರಜಾಕಾರರ ಹಿಂದಿದ್ದ ಇತ್ತೇಹಾದ್ ಪಕ್ಷದ ಬೆಂಬಲಿಗರು ಮುತ್ತಿಗೆ ಹಾಕಿ ತಡೆದದ್ದು ಆ ಇತಿಹಾಸದ ಮುಖ್ಯ ತಿರುವುಗಳಲ್ಲೊಂದು. ಅದೇ ವ್ಯಕ್ತಿ ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಹಲವು ದೇಶಗಳಲ್ಲಿ, ಫ್ರಾನ್ಸಿನಲ್ಲಿಯೂ, ಕೆಲಸ ಮಾಡಿ, 1970ರಿಂದ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದು, 1976ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಮಾವನಿದ್ದ ರಾಜಭವನಕ್ಕೆ ಅಳಿಯ ಬಂದದ್ದು, ಮಾವ ರಾಯಭಾರಿಯಾಗಿದ್ದ ಪ್ಯಾರಿಸ್ಸಿಗೆ ಅಳಿಯ ರಾಯಭಾರಿಯಾಗಿ ಹೋದದ್ದು, ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಬಾಂದ್ರಾ, ಖಾರ್ ದಾಟುವಾಗ ಅಂಗಡಿ ಫಲಕಗಳ ವಿಳಾಸದಲ್ಲಿ ಅಲಿ ಯಾವರ್ ಜಂಗ್ ಮಾರ್ಗ ಎಂದು ಓದಿರುತ್ತೀರಿ. ಬಾಂದ್ರಾ ರೆಕ್ಲಮೇಶನ್‌ನಲ್ಲಿ ಶ್ರವಣದೋಷವುಳ್ಳವರಿಗಾಗಿ ಇರುವ ರಾಷ್ಟ್ರೀಯ ಸಂಸ್ಥೆಗೂ ಅವರದೇ ಹೆಸರು. ಬಿಲ್ಕೀಸ್ ಅವರು ರಾಜಭವನದ ಹುಲ್ಲುಹಾಸಿನ ಚಹಾಕೂಟಗಳಿಗೆ ಸೀಮಿತವಾಗದೆ ಧಾರಾವಿಯಲ್ಲಿ ಕೆಲಸ ಮಾಡಿದರು. 2009ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಾಟುಂಗದಿಂದ ಧಾರಾವಿಗೆ ರೈಲು ಹಳಿ ದಾಟಿದರೆ ಸಾಕು. ಆದರೂ ನಮ್ಮ ಸಂಘ ಸಂಸ್ಥೆಗಳವರು ಅಂದು ಎಷ್ಟು ಸಲ ಆ ಹಳಿ ದಾಟಿದೆವು ಎಂಬ ಪ್ರಶ್ನೆಗೆ ಉತ್ತರ ಹೇಳಲು ಸಂಕೋಚವಾಗುತ್ತದೆ.

1985ರ ಏಪ್ರಿಲ್‌ನಲ್ಲಿ ರಾಜಭವನ ಬಿಟ್ಟು, ಅದೇ ವರ್ಷ ಫ್ರಾನ್ಸಿಗೆ ರಾಯಭಾರಿಯಾಗಿ ಹೋದರು, 1988ರವರೆಗೆ ಅಲ್ಲಿದ್ದರು. ನೇಮಕದ ಹಿಂದಿನ ತರ್ಕ ಸರಳವಾಗಿಯೇ ಕಾಣುತ್ತದೆ. 1982ರಲ್ಲಿ ಭಾರತ ನಲವತ್ತು ಮಿರಾಜ್-2000 ವಿಮಾನಗಳಿಗೆ ಫ್ರಾನ್ಸಿನೊಡನೆ ಒಪ್ಪಂದ ಮಾಡಿಕೊಂಡಿತ್ತು, 1985ರಲ್ಲಿ ಅವು ಗ್ವಾಲಿಯರ್‌ಗೆ ಬರತೊಡಗಿದವು. ವಿಮಾನದ ಬಿಡಿಭಾಗದ ಪಟ್ಟಿ ಓದಿ ಅರ್ಥಮಾಡಿಕೊಳ್ಳಬಲ್ಲ ರಾಯಭಾರಿ ಆ ಹೊತ್ತಿನಲ್ಲಿ ಪ್ಯಾರಿಸ್ಸಿನಲ್ಲಿರುವುದು ದೇಶಕ್ಕೆ ಅನುಕೂಲ. ಅದೇ ವರ್ಷ ಜೂನ್‌ನಲ್ಲಿ ರಾಜೀವ್ ಗಾಂಧಿ ಪ್ಯಾರಿಸ್ಸಿನಲ್ಲಿ ಭಾರತ ಉತ್ಸವವನ್ನು ಉದ್ಘಾಟಿಸಿದ್ದರು. ಯುದ್ಧವಿಮಾನದ ಜೊತೆಗೆ ಭರತನಾಟ್ಯವೂ ರಾಯಭಾರ ಕಚೇರಿಯ ಕೆಲಸವಾಗಿತ್ತು. 1986ರ ಮಾರ್ಚ್‌ನಲ್ಲಿ ಫ್ರಾನ್ಸಿನಲ್ಲೊಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು: ಸಮಾಜವಾದಿ ರಾಷ್ಟ್ರಪತಿ ಮಿತ್ತರಾಂ, ಅವರ ವಿರೋಧಿ ಪಕ್ಷದ ಪ್ರಧಾನಿ ಶಿರಾಕ್. ಆ ಗಣರಾಜ್ಯ ಅದುವರೆಗೆ ಕಾಣದಿದ್ದ ಈ ಏರ್ಪಾಡು ಎರಡು ವರ್ಷ ನಡೆಯಿತು. ಪರದೇಶದ ರಾಯಭಾರಿಗಳಿಗೆ ಯಾರ ಬಾಗಿಲಿಗೆ ಮೊದಲು ಹೋಗಬೇಕೆಂಬುದೇ ಸೂಕ್ಷ್ಮ ವಿಷಯ. ಮೂವರು ಪ್ರಧಾನಿಗಳ ಕೆಳಗೆ ಸೇನಾ ಮುಖ್ಯಸ್ಥರಾಗಿದ್ದು, ಹೆಸರಿನ ಅಧಿಕಾರ ಮತ್ತು ನಿಜವಾದ ಅಧಿಕಾರದ ನಡುವಿನ ಗೆರೆಯ ಮೇಲೆ ಮೂರು ವರ್ಷ ರಾಜ್ಯಪಾಲರಾಗಿ ನಡೆದಿದ್ದವರಿಗೆ ಇದು ತೀರಾ ಅಪರಿಚಿತವೆನಿಸಿರಲಾರದು ಎಂಬುದು ನನ್ನ ಊಹೆ.

ಇಲ್ಲಿ ಅಸ್ಗರ್ ಖಾನ್ ಮತ್ತು ನೂರ್ ಖಾನ್ ಅವರ ಕಡೆಗೆ ನೋಡಲೇಬೇಕು. ಇಬ್ಬರೂ ತಮ್ಮ ದೇಶದ ವಾಯುಪಡೆಯ ಮುಖ್ಯಸ್ಥರಾದರು. ಅಸ್ಗರ್ ಖಾನ್ 1957ರಿಂದ 1965ರ ಜುಲೈವರೆಗೆ, ಅವರ ನಂತರ ನೂರ್ ಖಾನ್. ಇಬ್ಬರೂ ಅಸಾಧಾರಣ ಸಮರ್ಥರು. ನೂರ್ ಖಾನ್ ಅವರಂತೂ ಪಾಕಿಸ್ತಾನದ ವಿಮಾನಯಾನ ಸಂಸ್ಥೆಯನ್ನು, ಹಾಕಿಯನ್ನು, ಕ್ರಿಕೆಟ್ಟನ್ನು ಕಟ್ಟಿ ಬೆಳೆಸಿದವರು. 1978ರಲ್ಲಿ ಕರಾಚಿಯಲ್ಲಿ ವಿಮಾನ ಅಪಹರಣಕಾರನೊಬ್ಬನ ಮೇಲೆ ತಾವೇ ಎರಗಿ ಗುಂಡೇಟು ತಿಂದವರು. 1969ರಲ್ಲಿ ಅವರೂ ರಾಜ್ಯಪಾಲರಾದರು, ಪಶ್ಚಿಮ ಪಾಕಿಸ್ತಾನಕ್ಕೆ. ಆದರೆ ಅದು ಯಾಹ್ಯಾ ಖಾನ್ ಅವರ ಸೈನಿಕ ಆಡಳಿತ. ಅಲ್ಲಿ ರಾಜ್ಯಪಾಲನೆಂದರೆ ಆಳುವವನು. ಸಲಹೆ ಕೊಡಲು ಚುನಾಯಿತ ಸಂಪುಟವೇ ಇರಲಿಲ್ಲ. ಅಸ್ಗರ್ ಖಾನ್ ರಾಜಕೀಯ ಪಕ್ಷ ಕಟ್ಟಿ, ಭುಟ್ಟೋ ಅವರನ್ನೂ ಜಿಯಾ ಅವರನ್ನೂ ವಿರೋಧಿಸಿ, ವರ್ಷಗಟ್ಟಲೆ ಗೃಹಬಂಧನದಲ್ಲಿ ಕಳೆದರು. ಮೂವರೂ ಹಾರಲು ಕಲಿತದ್ದು ಒಂದೇ ವಾಯುಪಡೆಯಲ್ಲಿ, ಒಂದೇ ನಿಯಮಾವಳಿಯಡಿ. ಶಿಸ್ತು, ಧೈರ್ಯ, ಪ್ರಾಮಾಣಿಕತೆಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕಡಿಮೆಯಿರಲಿಲ್ಲ. ಸೈನಿಕನೊಬ್ಬ ಆಡಳಿತಕ್ಕೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಮ್ಮ ಪಡಸಾಲೆಗಳಲ್ಲಿ ಇಂದಿಗೂ ಕೇಳಿಬರುವ ಮಾತಿಗೆ ಈ ಮೂವರ ಜೀವನವನ್ನು ಒಟ್ಟಿಗಿಟ್ಟು ನೋಡುವುದೇ ಉತ್ತರ. ಲತೀಫ್ ಅವರು ಸಭ್ಯ ರಾಜ್ಯಪಾಲರಾಗಿ ಉಳಿದದ್ದರಲ್ಲಿ ಅವರ ಸ್ವಭಾವದ ಪಾಲು ಇದ್ದೇ ಇದೆ. ಆದರೆ ಅವರು ಕುಳಿತ ಕುರ್ಚಿಗೆ 163ನೆಯ ವಿಧಿಯ ಕಟ್ಟು ಇತ್ತು ಎಂಬುದರ ಪಾಲು ಅದಕ್ಕಿಂತ ದೊಡ್ಡದು. 1947ರಲ್ಲಿ ಅವರು ಆರಿಸಿಕೊಂಡ ದೇಶಕ್ಕೆ ಇನ್ನೂ ಸಂವಿಧಾನವೇ ಇರಲಿಲ್ಲ. ಎರಡೂವರೆ ವರ್ಷಗಳ ನಂತರ ಅದು ಜಾರಿಗೆ ಬಂದ ಸಂಭ್ರಮಕ್ಕೆ ವಿಮಾನ ಹಾರಿಸಿದವರು ಅವರೇ.

ಹಾಗೆಂದ ಮಾತ್ರಕ್ಕೆ ನಿವೃತ್ತ ಸೇನಾ ಮುಖ್ಯಸ್ಥರನ್ನು ರಾಜಭವನಗಳಿಗೆ ಕಳಿಸುವ ಪದ್ಧತಿಯನ್ನು ನಾನು ಒಪ್ಪುತ್ತೇನೆಂದಲ್ಲ. ರಾಯಭಾರಿ ಹುದ್ದೆಯ ವಿಷಯ ಬೇರೆ. ಅರ್ಜನ್ ಸಿಂಗ್ ಸ್ವಿಟ್ಜರ್ಲೆಂಡಿಗೂ ಕೀನ್ಯಾಕ್ಕೂ ಹೋದರು, ಆಸ್ಪಿ ಎಂಜಿನಿಯರ್ ಇರಾನಿಗೆ ಹೋದರು. ಅಲ್ಲಿ ಅವರ ಅನುಭವ ದೇಶದ ಬಳಕೆಗೆ ಬರುತ್ತದೆ, ಒಳಗಿನ ರಾಜಕೀಯಕ್ಕೆ ತಾಗುವುದಿಲ್ಲ. ರಾಜ್ಯಪಾಲರ ಹುದ್ದೆಯಾದರೋ ಆಳುವ ಪಕ್ಷದ ಕೈಯಲ್ಲಿರುವ ಉಡುಗೊರೆ. ಸೇವೆಯ ಕೊನೆಯ ವರ್ಷದಲ್ಲಿರುವ ಸೇನಾ ಮುಖ್ಯಸ್ಥನ ಎದುರು ಅಂಥ ಉಡುಗೊರೆಯ ಸಾಧ್ಯತೆ ತೂಗಾಡುತ್ತಿರುವುದು, ಅವನು ಎಷ್ಟೇ ನಿಷ್ಠುರನಾಗಿದ್ದರೂ, ನೋಡುವವರಲ್ಲಿ ಅನುಮಾನ ಹುಟ್ಟಿಸುತ್ತದೆ. ಮೆಹ್ರಾ ಅವರಿಗೆ ನಿವೃತ್ತಿಗೂ ರಾಜಭವನಕ್ಕೂ ನಡುವೆ ನಾಲ್ಕು ವರ್ಷಗಳಿಗೂ ಹೆಚ್ಚು ಅಂತರವಿತ್ತು. ಲತೀಫ್ ಅವರಿಗೆ ಇದ್ದದ್ದು ಆರು ತಿಂಗಳು. ಕನಿಷ್ಠ ಎರಡು ವರ್ಷ ಅಂತರವಿರಬೇಕೆಂಬ ನಿಯಮ ಬೇಕು ಎಂಬುದು ನನ್ನ ಅಭಿಪ್ರಾಯ. ಅಂಥ ನಿಯಮ ಅಂದೇ ಇದ್ದಿದ್ದರೆ ಲತೀಫ್ 1982ರ ಮಾರ್ಚ್‌ನಲ್ಲಿ ಮುಂಬಯಿಗೆ ಬರಲಾಗುತ್ತಿರಲಿಲ್ಲ. ಆ ಕಷ್ಟದ ವರ್ಷ ಮಲಬಾರ್ ಹಿಲ್‌ನಲ್ಲಿ ಬೇರೆ ಯಾರೋ ಇರುತ್ತಿದ್ದರು, ಬಹುಶಃ ಇಷ್ಟು ಸಂಯಮವಿಲ್ಲದವರು. ಆ ನಷ್ಟವನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.